ಒಗ್ಗದ ಪ್ರಾಜೆಕ್ಟನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಹೇಗೆ

'ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು' ಅನ್ನುವ ಗಾದೆಯನ್ನು ನಂಬಿಕೊಂಡು ಆಫೀಸಿನಲ್ಲಿ ದುಡಿಯುವವರು ಬಹಳ ಜನ. ತಮಗೆ ಒಗ್ಗದ ಪ್ರಾಜೆಕ್ಟು ತಲೆಗೆ ಬಿದ್ದಾಗಲೂ ತಾವೇ ಎಳೆಯುತ್ತಾರೆ. ಮೂರು ವಾರದ ಕೆಲಸ ಮೂರು ತಿಂಗಳಿಗೆ ಮುಟ್ಟುತ್ತದೆ, ಅದರ ಜೊತೆಗೆ ಅವರಿಗೆ ಚೆನ್ನಾಗಿ ಬರುವ ಕೆಲಸವೂ ಕೆಡುತ್ತದೆ. ಇನ್ನು ಕೆಲವರದು ತದ್ವಿರುದ್ಧ ದಾರಿ: 'ಇದನ್ನು ಸ್ವಲ್ಪ ನೋಡ್ಕೊಳ್ಳಿ' ಎಂದು ಒಂದು ಸಾಲಿನ ಇಮೇಲ್ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಆರು ವಾರ ಕಳೆದ ಮೇಲೆ ಅದೇ ಕೆಲಸ ಅರ್ಧಂಬರ್ಧವಾಗಿ, ಡೆಡ್‌ಲೈನಿನ ಹಿಂದಿನ ದಿನ, ಅವರ ಮೇಜಿಗೇ ವಾಪಸ್ ಬರುತ್ತದೆ.

ಇಬ್ಬರೂ ಎಡವುವುದು ಒಂದೇ ಜಾಗದಲ್ಲಿ. ಕೆಲಸ ಒಪ್ಪಿಸುವುದೆಂದರೆ ಅದರೊಳಗಿನ ತೀರ್ಮಾನಗಳನ್ನು ಒಪ್ಪಿಸುವುದು. ತೀರ್ಮಾನಗಳೆಲ್ಲ ನಿಮ್ಮ ಹತ್ತಿರ ಉಳಿದರೆ ಪ್ರಾಜೆಕ್ಟೂ ನಿಮ್ಮ ಹತ್ತಿರವೇ ಉಳಿದಂತೆ. ಟೈಪ್ ಮಾಡುವ ಕೈ ಮಾತ್ರ ಬೇರೆಯವರದು. ಯಾವ ತೀರ್ಮಾನ ಎಂದು ಹೇಳದೆ ಎಲ್ಲವನ್ನೂ ಒಟ್ಟಿಗೆ ಎಸೆದರೆ, ಎದುರಿನವರು ಯಾವುದನ್ನೂ ತೆಗೆದುಕೊಳ್ಳುವ ಧೈರ್ಯ ಮಾಡುವುದಿಲ್ಲ.

ಒಗ್ಗದಿರುವುದು ಯಾವ ಭಾಗ

ಮೊದಲು ಪ್ರಾಜೆಕ್ಟನ್ನು ಬಿಡಿಸಿ ಬರೆಯಿರಿ. ಹಳೆಯ ಗ್ರಾಹಕರ ಮಾಹಿತಿಯನ್ನೆಲ್ಲ ಹೊಸ ಸಾಫ್ಟ್‌ವೇರಿಗೆ ಸಾಗಿಸುವ ಕೆಲಸ ನಿಮಗೆ ಬಂದಿದೆ ಎಂದುಕೊಳ್ಳಿ. ಒಂದೇ ಹೆಸರಿನ ಈ ಕೆಲಸದೊಳಗೆ ಸುಮಾರು ಇಪ್ಪತ್ತು ಚಿಕ್ಕ ಕೆಲಸಗಳಿರುತ್ತವೆ: ಹಳೆಯ ಫೈಲುಗಳನ್ನು ಹೊರತೆಗೆಯುವುದು, ಎರಡೆರಡು ಸಲ ಬಂದಿರುವ ಹೆಸರುಗಳನ್ನು ಹುಡುಕುವುದು, ದಿನಾಂಕಗಳನ್ನು ಒಂದೇ ಕ್ರಮಕ್ಕೆ ತರುವುದು, ಯಾವ ಹಳೆಯ ದಾಖಲೆಯನ್ನು ಬಿಟ್ಟುಬಿಡಬಹುದು ಎಂದು ನಿರ್ಧರಿಸುವುದು, ಸಾಫ್ಟ್‌ವೇರ್ ಕೊಟ್ಟವರ ಜೊತೆ ಚೌಕಾಸಿ, ಪರೀಕ್ಷೆ, ಸಿಬ್ಬಂದಿಗೆ ತರಬೇತಿ, ಬದಲಾವಣೆಯ ದಿನ ಫೋನಿನ ಮುಂದೆ ಕೂರುವುದು. ಪ್ರತಿಯೊಂದರ ಮುಂದೆ ಎರಡು ವಿಷಯ ಬರೆಯಿರಿ. ಒಂದು, ಎಷ್ಟು ಗಂಟೆ ಹಿಡಿಯಬಹುದು. ಎರಡು, ನಿಮಗೆ ಅದು ಯಾಕೆ ಒಗ್ಗುವುದಿಲ್ಲ.

ಈ 'ಯಾಕೆ'ಗೆ ಸಾಮಾನ್ಯವಾಗಿ ನಾಲ್ಕು ಉತ್ತರ ಇರುತ್ತವೆ, ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಕೆಲಸವೇ ಬರುವುದಿಲ್ಲ ಅನ್ನುವುದು ಮೊದಲನೆಯದು. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ: ಮುಂದಿನ ಒಂದು ವರ್ಷದಲ್ಲಿ ಇದೇ ಕೆಲಸ ಎಷ್ಟು ಸಲ ಎದುರಾಗುತ್ತದೆ? ಮೂರು ನಾಲ್ಕು ಸಲ ಬರುವುದಾದರೆ ಕಲಿಯುವುದೇ ಅಗ್ಗ. ಒಂದೇ ಸಲ ಎಂದಾದರೆ ಬಲ್ಲವರಿಗೆ ಕೊಡಿ.

ಎರಡನೆಯದು, ಬರುತ್ತದೆ ಆದರೆ ಮೈಮನಸ್ಸು ಹಿಂಡುತ್ತದೆ. ಗುರುತು ಸುಲಭ. ನಾಳೆಯ ಪಟ್ಟಿಗೆ ದಿನಾ ಸರಿದು ಹೋಗುತ್ತಲೇ ಇರುವ ಸಾಲು ಇದು. ಕೆಲಸಕ್ಕಿಂತ ಅದನ್ನು ಮುಂದೂಡುವುದಕ್ಕೇ ಹೆಚ್ಚು ಶಕ್ತಿ ಖರ್ಚಾಗುತ್ತದೆ.

ಮೂರನೆಯದನ್ನು ಜನ ಒಪ್ಪಿಕೊಳ್ಳುವುದೇ ಇಲ್ಲ: ಕೆಲಸ ಚೆನ್ನಾಗಿಯೇ ಬರುತ್ತದೆ, ಎದುರಿನವರಿಗಿಂತ ಚೆನ್ನಾಗಿ ಬರುತ್ತದೆ, ಆದರೂ ನೀವು ಮಾಡಬಾರದು. 1817ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಕೊಟ್ಟ ಲೆಕ್ಕ ಇಲ್ಲಿಗೆ ಸರಿಹೊಂದುತ್ತದೆ. ಅಷ್ಟೇ ಬಟ್ಟೆ ನೇಯಲು ಇಂಗ್ಲೆಂಡಿಗೆ ವರ್ಷಕ್ಕೆ 100 ಜನ ಬೇಕು, ಪೋರ್ಚುಗಲ್‌ಗೆ 90 ಸಾಕು. ಅಷ್ಟೇ ದ್ರಾಕ್ಷಾರಸಕ್ಕೆ ಇಂಗ್ಲೆಂಡಿಗೆ 120 ಜನ, ಪೋರ್ಚುಗಲ್‌ಗೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು, ದ್ರಾಕ್ಷಾರಸದಲ್ಲಿ ಇನ್ನೂ ಹೆಚ್ಚು ಮುಂದು. ಆದರೂ ಅದು ದ್ರಾಕ್ಷಾರಸ ಮಾತ್ರ ಮಾಡಿ ಬಟ್ಟೆಯನ್ನು ಇಂಗ್ಲೆಂಡಿನಿಂದ ತರಿಸಿಕೊಂಡರೆ ಎರಡೂ ದೇಶಕ್ಕೆ ಲಾಭ. 'ನಾನೇ ಬೇಗ ಮಾಡಿಬಿಡ್ತೀನಿ' ಅನ್ನುವುದು ನಿಜವಿರಬಹುದು. ಆ ಹೊತ್ತಿನಲ್ಲಿ ನೀವು ಬಿಟ್ಟ ಇನ್ನೊಂದು ಕೆಲಸ ಎಷ್ಟು ಬೆಲೆಯದು ಅನ್ನುವುದನ್ನು ಮಾತ್ರ ಆ ವಾಕ್ಯ ಹೇಳುವುದಿಲ್ಲ.

ನಾಲ್ಕನೆಯದು ಸ್ಥಾನದ ತೊಡಕು. ಕೆಲಸಕ್ಕೆ ಬೇಕಾದ ಒಪ್ಪಿಗೆ, ಪರಿಚಯ ಅಥವಾ ಅಧಿಕಾರ ನಿಮ್ಮಲ್ಲಿಲ್ಲ. ಪ್ರತಿ ಹೆಜ್ಜೆಗೂ ಇನ್ನೊಂದು ವಿಭಾಗದವರನ್ನು ಕಾಯಬೇಕು. ಇಂಥದ್ದು ಆ ವಿಭಾಗದೊಳಗಿನವರ ಕೈಗೆ ಹೋದರೆ ಅರ್ಧಕ್ಕರ್ಧ ಹೊತ್ತಿನಲ್ಲಿ ಮುಗಿಯುತ್ತದೆ.

ಇವು ಯಾವುವೂ ಅಲ್ಲದೆ, ಬರೀ ಒಂದು ಕಷ್ಟದ ಫೋನ್ ಕರೆಯನ್ನೋ 'ಆಗಲ್ಲ' ಎಂದು ಹೇಳಬೇಕಾದ ಒಂದು ಮೀಟಿಂಗನ್ನೋ ತಪ್ಪಿಸಿಕೊಳ್ಳಲು ಇಡೀ ಪ್ರಾಜೆಕ್ಟನ್ನು ಬೇರೆಯವರಿಗೆ ದಾಟಿಸುವುದೂ ಉಂಟು. ಹಾಗಿದ್ದರೆ ಆ ಕರೆ ಮಾಡಿ ಮುಗಿಸಿ. ಉಳಿದದ್ದು ಒಗ್ಗಿದರೂ ಒಗ್ಗೀತು.

ಪಟ್ಟಿ ಮುಗಿದ ಮೇಲೆ ಬಹುಪಾಲು ಜನರಿಗೆ ಕಾಣುವುದು ಇದು: ಇಪ್ಪತ್ತರಲ್ಲಿ ಒಗ್ಗದಿರುವುದು ಐದೋ ಆರೋ ಸಾಲು. ಅವು ಒಂದರ ಪಕ್ಕ ಒಂದು ಕೂತಿದ್ದರೆ ಆ ತುಂಡನ್ನು ಕೊಡಿ. ಅಲ್ಲಲ್ಲಿ ಚದುರಿದ್ದರೆ ತುಂಡು ಮಾಡಬೇಡಿ, ಇಡೀ ಪ್ರಾಜೆಕ್ಟನ್ನು ಕೊಟ್ಟು ನಿಮಗೆ ಚೆನ್ನಾಗಿ ಬರುವ ಒಂದೆರಡನ್ನು ನೀವು ಸಹಾಯವಾಗಿ ಮಾಡಿಕೊಡಿ. ಒಂದು ಕೆಲಸ ಇಬ್ಬರ ನಡುವೆ ಎಷ್ಟು ಸಲ ಕೈ ಬದಲಾಗುತ್ತದೋ ಅಷ್ಟು ಸಲ ಏನಾದರೊಂದು ಬಿಟ್ಟುಹೋಗುತ್ತದೆ.

ಕೊಡಬಾರದ್ದು

ನಿಮ್ಮ ಕೈಕೆಳಗಿನವರ ಕೆಲಸದ ಮೌಲ್ಯಮಾಪನ, ಒಬ್ಬರ ಬಗ್ಗೆ ಗುಟ್ಟಾಗಿರಬೇಕಾದ ಮಾಹಿತಿ, ನಿಮ್ಮ ತಪ್ಪಿಗೆ ನೀವು ಕೇಳಬೇಕಾದ ಕ್ಷಮೆ. ಇವು ಎಷ್ಟೇ ಒಗ್ಗದಿದ್ದರೂ ನಿಮ್ಮವೇ. ಮೇಲಿನವರು ಹೆಸರು ಹಿಡಿದು ನಿಮಗೇ ವಹಿಸಿದ್ದನ್ನು ಅವರಿಗೆ ಹೇಳದೆ ದಾಟಿಸುವಂತಿಲ್ಲ.

ಇನ್ನೊಂದಿದೆ: ಈಗಾಗಲೇ ತಡವಾಗಿರುವ ಪ್ರಾಜೆಕ್ಟು. ಐಬಿಎಂನ ದೊಡ್ಡ ಆಪರೇಟಿಂಗ್ ಸಿಸ್ಟಂ ಕೆಲಸವನ್ನು ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದ್ದರು, ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು. ಹೊಸಬರಿಗೆ ಹೇಳಿಕೊಡಬೇಕಾದವರು ಕೆಲಸ ಬಲ್ಲ ಹಳಬರೇ. ಅಷ್ಟು ಹೊತ್ತು ಅವರ ಕೆಲಸ ನಿಲ್ಲುತ್ತದೆ. ಜೊತೆಗೆ, ಜನ ಹೆಚ್ಚಿದಷ್ಟೂ ಮಾತುಕತೆಯ ದಾರಿಗಳು ಇನ್ನೂ ಬೇಗ ಹೆಚ್ಚುತ್ತವೆ. ಐದು ಜನರ ನಡುವೆ 10 ಜೋಡಿ, ಹತ್ತು ಜನರ ನಡುವೆ 45. ಕೈ ಬದಲಾಯಿಸುವಾಗಲೂ ಇದೇ ಲೆಕ್ಕ ಕಾಡುತ್ತದೆ. ನನ್ನ ಪ್ರಕಾರ, ಕೊಟ್ಟ ಕಾಲದಲ್ಲಿ ಮೂರನೇ ಒಂದು ಭಾಗ ಮುಗಿಯುವುದರೊಳಗೆ ಒಪ್ಪಿಸದಿದ್ದರೆ ಆ ಮೇಲೆ ಒಪ್ಪಿಸುವ ಬದಲು ಕೆಲಸವನ್ನೇ ಕಡಿಮೆ ಮಾಡುವ ಮಾತಾಡುವುದು ಲೇಸು: ಯಾವ ಭಾಗ ಈಗ ಬೇಡ, ಯಾವುದು ಮುಂದಿನ ಹಂತಕ್ಕೆ ಹೋಗಬಹುದು ಎಂದು.

ಯಾರಿಗೆ

'ಯಾರು ಬಿಡುವಾಗಿದ್ದಾರೆ' ಅನ್ನುವುದು ತಪ್ಪು ಪ್ರಶ್ನೆ. ಬಿಡುವಾಗಿ ಕಾಣುವವರು ಕೆಲಸ ಬೇಗ ಮುಗಿಸುವವರಾಗಿರಬಹುದು. ಅವರ ಮೇಲೆಯೇ ಮತ್ತೆ ಮತ್ತೆ ಹೊರೆ ಬೀಳುವುದು ಎಲ್ಲ ಆಫೀಸಿನ ರೋಗ. ನಿಮ್ಮ ಒಗ್ಗದ ಸಾಲುಗಳು ಯಾರಿಗೆ ಒಗ್ಗುತ್ತವೆ ಎಂದು ನೋಡಿ. ಸ್ಪ್ರೆಡ್‌ಶೀಟಿನಲ್ಲಿ ತಪ್ಪು ಹುಡುಕುವುದು ಕೆಲವರಿಗೆ ನಿಜವಾಗಿಯೂ ಖುಷಿಯ ಕೆಲಸ. ಮುಂದೆ ಅದೇ ದಾರಿಯಲ್ಲಿ ಬೆಳೆಯಬೇಕೆಂದು ಇರುವವರಿಗೆ ನಿಮ್ಮ ತಲೆನೋವೇ ಅವಕಾಶ. ಅವರು ಈ ಕೆಲಸವನ್ನು ಈಗಲೇ ನಿಮ್ಮಷ್ಟು ಚೆನ್ನಾಗಿ ಮಾಡಬೇಕಿಲ್ಲ. ನೀವು ಮಾಡುವುದರ ಮುಕ್ಕಾಲು ಪಾಲು ಬಂದರೆ ಸಾಕು, ಉಳಿದದ್ದು ಮಾಡುತ್ತ ಬರುತ್ತದೆ.

ಆಮೇಲೆ ಕೇಳಲೇಬೇಕಾದ ಪ್ರಶ್ನೆ: 'ಇದನ್ನು ತೆಗೆದುಕೊಂಡರೆ ನೀವು ಯಾವುದನ್ನು ಬಿಡಬೇಕಾಗುತ್ತೆ?' ಉತ್ತರ 'ಏನೂ ಇಲ್ಲ, ಹೇಗೋ ಮಾಡ್ತೀನಿ' ಎಂದು ಬಂದರೆ ಸಂತೋಷಪಡಬೇಡಿ. ವಾರಕ್ಕೆ ಆರು ಗಂಟೆಯ ಹೊಸ ಕೆಲಸ ಬಂದರೆ ಆರು ಗಂಟೆಯ ಹಳೆಯ ಕೆಲಸ ಎಲ್ಲಿಯೋ ಹೋಗಲೇಬೇಕು. ಅದು ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರೂ ಕೂತು ತೀರ್ಮಾನಿಸದಿದ್ದರೆ ಅದು ಅವರ ರಾತ್ರಿಗೆ ಹೋಗುತ್ತದೆ.

ಪದೇಪದೇ ಬರುವ ಕೆಲಸವಾದರೆ ಸಮಯದ ಲೆಕ್ಕವನ್ನೂ ಹಾಕಿ. ನಿಮಗೆ ವಾರಕ್ಕೆ 2 ಗಂಟೆ ಹಿಡಿಯುವ ಕೆಲಸ. ಹೇಳಿಕೊಡಲು ಒಟ್ಟು 12 ಗಂಟೆ. ಕೊಟ್ಟ ಮೇಲೂ ನೋಡಲು ವಾರಕ್ಕೆ ಅರ್ಧ ಗಂಟೆ. ಅಂದರೆ ವಾರಕ್ಕೆ ಉಳಿಯುವುದು ಒಂದೂವರೆ ಗಂಟೆ, ಹೇಳಿಕೊಟ್ಟ ಹೊತ್ತು ವಸೂಲಾಗಲು 8 ವಾರ. ಎಂಟು ವಾರದ ಮೇಲೂ ಆ ಕೆಲಸ ಇರುತ್ತದಾ? ಹಾಗಾದರೆ ಕೊಡಿ. ಮೊದಲ ವಾರಗಳಲ್ಲಿ ಅವರಿಗೆ ನಿಮ್ಮ ಎರಡರಷ್ಟು ಹೊತ್ತು ಹಿಡಿಯುತ್ತದೆ ಎಂದೇ ಇಟ್ಟುಕೊಳ್ಳಿ. ನಾಲ್ಕನೇ ದಿನಕ್ಕೇ 'ಇದಕ್ಕಿಂತ ನಾನೇ ಮಾಡಿದ್ದರೆ ಮುಗಿದಿರುತ್ತಿತ್ತು' ಅನ್ನಿಸುವುದು ಈ ಲೆಕ್ಕ ಹಾಕದವರಿಗೆ.

ಮೇಲಿನವರಿಗೆ ಹೇಳುವುದು

ಕೈಕೆಳಗಿನವರಿಗೆ ಕೊಡುವಾಗಲೂ ನಿಮ್ಮ ಮ್ಯಾನೇಜರ್‌ಗೆ ತಿಳಿದಿರಬೇಕು. ಸಮಾನ ಸ್ಥಾನದವರಿಗೆ ಕೊಡುವಾಗ ಅವರ ಮ್ಯಾನೇಜರ್‌ಗೂ ತಿಳಿದಿರಬೇಕು. 'ನನಗೆ ಇದು ಇಷ್ಟ ಇಲ್ಲ' ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಸಮಸ್ಯೆ, ಪರಿಹಾರ, ಬೆಲೆ ಮೂರನ್ನೂ ಒಟ್ಟಿಗೆ ಇಡಿ. ಹೀಗೆ:

'ಸರ್, ಈ ಪ್ರಾಜೆಕ್ಟಿನಲ್ಲಿ ಮಾಹಿತಿ ಶುದ್ಧಿ ಮಾಡುವ ಭಾಗ ಸುಮಾರು 60 ಗಂಟೆ ಇದೆ. ನಾನು ಮಾಡಿದರೆ ತಿಂಗಳ ಕೊನೆಗೆ ಮುಗಿಯಲ್ಲ, ತಪ್ಪೂ ಉಳಿಯುತ್ತೆ. ಪಕ್ಕದ ಟೀಮಿನವರಲ್ಲಿ ಇದನ್ನು ಮೊದಲು ಮಾಡಿದವರೊಬ್ಬರಿದ್ದಾರೆ, ಅವರು ಒಪ್ಪಿದ್ದಾರೆ. ಅದರ ಬದಲು ಅವರ ತಿಂಗಳ ರಿಪೋರ್ಟ್ ಎರಡು ಸಲ ನಾನು ಮಾಡಿಕೊಡ್ತೀನಿ. ಕೊನೆಯ ದಿನಾಂಕಕ್ಕೆ ಜವಾಬ್ದಾರಿ ನನ್ನದೇ. ನೀವು ಹೂಂ ಅಂದರೆ ಸೋಮವಾರದಿಂದ ಶುರು.'

ಗಂಟೆಯ ಲೆಕ್ಕ ಇದೆ, ಯಾರು ಮಾಡುತ್ತಾರೆ ಎಂದಿದೆ, ಬದಲಿಗೆ ಏನು ಎಂದಿದೆ, ಹೊಣೆ ಯಾರದು ಎಂದಿದೆ. ಇಷ್ಟಿದ್ದರೆ ಮ್ಯಾನೇಜರ್ ಕೇಳಬೇಕಾದ್ದು ಕಡಿಮೆ. ಒಂದು ಎಚ್ಚರ: ಆ ಇನ್ನೊಬ್ಬರ ಹತ್ತಿರ ಮೊದಲು ಮಾತಾಡಿ, ಆಮೇಲೆ ಅವರ ಹೆಸರು ಎತ್ತಿ. ಮೀಟಿಂಗಿನಲ್ಲಿ ಎಲ್ಲರೆದುರು 'ಇವರು ಮಾಡ್ತಾರೆ' ಅಂದರೆ ಅವರು ಇಲ್ಲ ಎನ್ನಲಾರರು, ಮನಸ್ಸಿಟ್ಟು ಮಾಡಲೂ ಆರರು.

ಒಂದು ಪುಟದ ಹ್ಯಾಂಡೋವರ್ ಟಿಪ್ಪಣಿ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೆ. ಒಂದು ಪುಟ, ಹೆಚ್ಚೆಂದರೆ ಎರಡು. ಐದು ಪುಟ ಬರೆದರೆ ಯಾರೂ ಓದುವುದಿಲ್ಲ.

ಮೊದಲ ಸಾಲಿನಲ್ಲಿ ಮುಗಿದಾಗ ಹೇಗಿರಬೇಕು ಎಂದು ಬರೆಯಿರಿ, ಹೇಗೆ ಮಾಡಬೇಕು ಎಂದಲ್ಲ. 'ಮಾಹಿತಿ ಸಾಗಿಸುವುದು' ಅನ್ನುವುದು ಕೆಲಸದ ಹೆಸರು ಅಷ್ಟೆ. '30ನೇ ತಾರೀಖಿನ ಬೆಳಗ್ಗೆ 9ಕ್ಕೆ ಸಿಬ್ಬಂದಿ ಹೊಸ ಸಾಫ್ಟ್‌ವೇರಿನಲ್ಲಿ ಯಾವ ಗ್ರಾಹಕರ ಹೆಸರು ಹುಡುಕಿದರೂ ಕಳೆದ ಮೂರು ವರ್ಷದ ವ್ಯವಹಾರ ಕಾಣಬೇಕು, ಒಂದು ಹೆಸರು ಒಂದೇ ಸಲ ಇರಬೇಕು' ಅನ್ನುವುದು ಫಲಿತ. ಎರಡನೆಯ ಸಾಲಿನಲ್ಲಿ ಇದು ಯಾಕೆ ಬೇಕು ಎಂದು ಬರೆಯಿರಿ. ಟಿಪ್ಪಣಿಯಲ್ಲಿ ಇಲ್ಲದ ಸಂದರ್ಭ ಬಂದಾಗ ಅವರು ತೀರ್ಮಾನ ಮಾಡುವುದು ಈ ಸಾಲನ್ನು ನೋಡಿಯೇ. ಉದ್ದೇಶ ತಿಳಿಯದವರು ಪ್ರತಿ ಸಂದೇಹಕ್ಕೂ ನಿಮ್ಮ ಬಾಗಿಲು ತಟ್ಟುತ್ತಾರೆ.

ಆಮೇಲೆ ಎರಡು ಪಟ್ಟಿ: ಈಗಾಗಲೇ ತೀರ್ಮಾನವಾಗಿರುವುದು, ಇನ್ನೂ ಆಗದಿರುವುದು. ಇವನ್ನು ಬೇರೆ ಮಾಡದೆ ಬರೆದರೆ ಅವರು ನೀವು ಮೂರು ಮೀಟಿಂಗಿನಲ್ಲಿ ಮುಗಿಸಿದ್ದನ್ನು ಮತ್ತೆ ಕೆದಕುತ್ತಾರೆ, ಅಥವಾ ನೀವು ಸುಮ್ಮನೆ ಊಹಿಸಿ ಬರೆದದ್ದನ್ನು ಕಲ್ಲಿನ ಮೇಲಿನ ಬರಹ ಎಂದು ತಿಳಿಯುತ್ತಾರೆ.

ನಂತರ ಅಳತೆ, ಏಕಮಾನ, ಬರಹದ ರೂಪ. ಇದು ಚಿಲ್ಲರೆ ವಿಷಯ ಅನ್ನಿಸುವುದು ಕೈ ಸುಡುವ ತನಕ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆ ಮಂಗಳದ ಹತ್ತಿರ ಹೋಗಿ ಕಳೆದುಹೋದದ್ದು ಇಂಥದ್ದರಿಂದಲೇ. ಗುತ್ತಿಗೆದಾರರ ಸಾಫ್ಟ್‌ವೇರ್ ನೂಕುಬಲದ ಲೆಕ್ಕವನ್ನು ಪೌಂಡ್-ಸೆಕೆಂಡ್‌ಗಳಲ್ಲಿ ಕೊಡುತ್ತಿತ್ತು, ತೆಗೆದುಕೊಳ್ಳುವ ತಂಡ ಅದನ್ನು ನ್ಯೂಟನ್-ಸೆಕೆಂಡ್ ಎಂದು ಓದಿಕೊಂಡಿತು. ಎರಡರ ನಡುವೆ ಸುಮಾರು 4.45 ಪಟ್ಟು ವ್ಯತ್ಯಾಸ. ಎರಡೂ ಕಡೆಯವರಿಗೆ ತಂತಮ್ಮ ಕೆಲಸ ಚೆನ್ನಾಗಿಯೇ ಗೊತ್ತಿತ್ತು, ತಪ್ಪಿದ್ದು ಕೈಯಿಂದ ಕೈಗೆ ದಾಟುವ ಜಾಗದಲ್ಲಿ. ನಿಮ್ಮ ಟಿಪ್ಪಣಿಯಲ್ಲಿ ಇದು ಹೀಗಿರಬೇಕು: 03/04 ಅಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ, ಮೊತ್ತದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ, 'ಮುಗಿದ ಆರ್ಡರ್' ಅಂದರೆ ಕಳಿಸಿದ್ದೋ ಹಣ ಬಂದದ್ದೋ.

ಕೊನೆಗೆ ಯಾರಿಗೆ ಯಾವುದಕ್ಕೆ ಫೋನ್ ಮಾಡಬೇಕು, ಫೈಲು ಎಲ್ಲಿದೆ, ಯಾವ ಯಾವ ಆಕ್ಸೆಸ್ ಬೇಕು. ಆಕ್ಸೆಸ್ಸನ್ನು ಒಪ್ಪಿಸುವ ದಿನಕ್ಕೆ ಮೊದಲೇ ಕೇಳಿ ತೆರೆಸಿಡಿ. ಕೆಲಸ ಶುರುವಾದ ಮೊದಲ ವಾರವೆಲ್ಲ ಪಾಸ್‌ವರ್ಡ್ ಕಾಯುತ್ತ ಕೂರುವುದು ಎಷ್ಟು ಸಾಮಾನ್ಯವೋ ಅಷ್ಟೇ ಮೂರ್ಖತನ.

ತೀರ್ಮಾನಗಳ ಮೂರು ಬುಟ್ಟಿ

ಟಿಪ್ಪಣಿಯ ಕೆಳಗೆ ಒಂದು ಚಿಕ್ಕ ಕೋಷ್ಟಕ ಬೇಕು. ಪ್ರಾಜೆಕ್ಟಿನಲ್ಲಿ ಬರಬಹುದಾದ ಎಂಟು ಹತ್ತು ತೀರ್ಮಾನಗಳನ್ನು ಬರೆದು ಒಂದೊಂದನ್ನೂ ಮೂರು ಬುಟ್ಟಿಗಳಲ್ಲಿ ಒಂದಕ್ಕೆ ಹಾಕಿ: ಒಂದು, 'ನೀವೇ ಮಾಡಿ, ಹೇಳಬೇಕಾಗಿಲ್ಲ'; ಎರಡು, 'ನೀವೇ ಮಾಡಿ, ಆಮೇಲೆ ತಿಳಿಸಿ'; ಮೂರು, 'ಮಾಡುವ ಮೊದಲು ಕೇಳಿ'.

ನಮ್ಮ ಉದಾಹರಣೆಯಲ್ಲಿ, ಎರಡು ಸಲ ಬಂದ ಹೆಸರುಗಳಲ್ಲಿ ಯಾವುದನ್ನು ಉಳಿಸಬೇಕು ಅನ್ನುವುದು ಮೊದಲ ಬುಟ್ಟಿ. ಪರೀಕ್ಷೆಯ ದಿನ ಎರಡು ದಿನ ಹಿಂದೆಮುಂದೆ ಆಗುವುದು, ಬಜೆಟ್ಟಿನ ಶೇ 5ರೊಳಗೆ ಹೆಚ್ಚು ಖರ್ಚು ಎರಡನೆಯದು. ಯಾವುದೇ ದಾಖಲೆಯನ್ನು ಶಾಶ್ವತವಾಗಿ ಅಳಿಸುವುದು, ಕೊನೆಯ ದಿನಾಂಕ ಬದಲಿಸುವುದು ಮೂರನೆಯದು. ಭಾಗ ಮಾಡುವ ಅಳತೆಗೋಲು ಸರಳ: ತಪ್ಪಾದರೆ ತಿದ್ದಲು ಬರುತ್ತದೋ ಇಲ್ಲವೋ. ತಿದ್ದಬಹುದಾದದ್ದನ್ನು ಧಾರಾಳವಾಗಿ ಕೊಡಿ. ಮೂರನೇ ಬುಟ್ಟಿಯಲ್ಲಿ ಮೂರಕ್ಕಿಂತ ಹೆಚ್ಚು ಇದ್ದರೆ ನೀವು ಕೊಟ್ಟಿಲ್ಲ ಎಂದೇ ಅರ್ಥ.

ಮೂರನೇ ಬುಟ್ಟಿಗೆ ಉತ್ತರಿಸುವ ಗಡುವು ನಿಮಗೂ ಇರಲಿ. 'ಕೇಳಿದ ಒಂದು ಕೆಲಸದ ದಿನದೊಳಗೆ ಹೇಳ್ತೀನಿ, ಹೇಳದಿದ್ದರೆ ನಿಮಗೆ ಸರಿ ಕಂಡಂತೆ ಮಾಡಿ' ಎಂದು ಬರೆದುಕೊಡಿ. ಅಳಿಸುವಂಥ ವಿಷಯಕ್ಕೆ ಮಾತ್ರ ಈ ಕೊನೆಯ ತುಂಡು ಬೇಡ. ಒಪ್ಪಿಸಿದ ಕೆಲಸ ನಿಲ್ಲುವುದು ಹೆಚ್ಚಾಗಿ ಒಪ್ಪಿಸಿದವರ ಇನ್‌ಬಾಕ್ಸಿನಲ್ಲಿ.

ಎದುರು ಕೂತು ಮಾತಾಡುವುದು

ಟಿಪ್ಪಣಿ ಕಳಿಸಿದ ಮಾತ್ರಕ್ಕೆ ಒಪ್ಪಿಸಿದಂತಾಗಲಿಲ್ಲ. 45 ನಿಮಿಷ ಕೂರಬೇಕು. ಅದರಲ್ಲಿ ನೀವು ಮಾತಾಡುವುದು 15 ನಿಮಿಷ. ಮುಂದಿನ 10 ನಿಮಿಷ ಅವರು ತಮ್ಮ ಮಾತಿನಲ್ಲಿ ಇಡೀ ಕೆಲಸವನ್ನು ನಿಮಗೆ ತಿರುಗಿ ಹೇಳಬೇಕು: ಏನು ಬೇಕು, ಮೊದಲು ಏನು ಮಾಡುತ್ತೇನೆ, ಎಲ್ಲಿ ತೊಡಕು ಬರಬಹುದು. ಉಳಿದ ಹೊತ್ತು ಪ್ರಶ್ನೆಗಳಿಗೆ. 'ಅರ್ಥ ಆಯ್ತಾ?' ಎಂದು ಕೇಳಿದರೆ 'ಆಯ್ತು' ಎಂದೇ ಉತ್ತರ ಬರುತ್ತದೆ, ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಈ ತಿರುಗಿ ಹೇಳಿಸುವ ಪದ್ಧತಿ ಆಸ್ಪತ್ರೆಗಳಿಂದ ಕಲಿಯಬೇಕಾದದ್ದು. ಪಾಳಿ ಬದಲಾಗುವಾಗ ರೋಗಿಯ ವಿವರ ದಾಟಿಸಲು ಅಲ್ಲಿ 'ಐ-ಪಾಸ್' ಎಂಬ ಐದು ಹೆಜ್ಜೆಯ ಕ್ರಮ ಇದೆ: ಸ್ಥಿತಿ ಎಷ್ಟು ಗಂಭೀರ, ಈವರೆಗಿನ ಸಾರಾಂಶ, ಮಾಡಬೇಕಾದ ಕೆಲಸಗಳು, ಹೀಗಾದರೆ ಹೀಗೆ ಮಾಡಿ ಅನ್ನುವ ಮುನ್ಸೂಚನೆ, ಕೊನೆಗೆ ತೆಗೆದುಕೊಳ್ಳುವವರು ಎಲ್ಲವನ್ನೂ ತಾವೇ ಹೇಳಿ ಖಚಿತಪಡಿಸುವುದು. ಒಂಬತ್ತು ಆಸ್ಪತ್ರೆಗಳಲ್ಲಿ ಇದನ್ನು ತಂದ ಮೇಲೆ ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಇಳಿದವು ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆಫೀಸಿನ ಪ್ರಾಜೆಕ್ಟಿಗೂ ಈ ಐದು ಹೆಜ್ಜೆ ಹಾಗೇ ಹೊಂದುತ್ತವೆ. ನಾವು ಸಾಮಾನ್ಯವಾಗಿ ಬಿಟ್ಟುಬಿಡುವುದು ನಾಲ್ಕನೆಯದು ಮತ್ತು ಐದನೆಯದು. 'ಸಾಫ್ಟ್‌ವೇರ್ ಕೊಟ್ಟವರು ಎರಡು ದಿನ ಉತ್ತರ ಕೊಡದಿದ್ದರೆ ಇಮೇಲ್ ಬೇಡ, ಫೋನ್ ಮಾಡಿ. ಅವರು ಇಮೇಲ್ ನೋಡೋದಿಲ್ಲ' ಎಂಬಂಥ ಮಾತು ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ. ಅದು ಹೊರಗೆ ಬರುವುದು ನಾಲ್ಕನೇ ಹೆಜ್ಜೆಯಲ್ಲಿ.

ಮಾತು ಮುಗಿದ ದಿನವೇ ಸಂಬಂಧಪಟ್ಟವರಿಗೆಲ್ಲ ನೀವು ಒಂದು ಇಮೇಲ್ ಕಳಿಸಿ: ಇಂದಿನಿಂದ ಈ ಕೆಲಸ ಇವರದು, ಇಂಥಿಂಥ ತೀರ್ಮಾನ ಇವರೇ ಮಾಡುತ್ತಾರೆ, ಪ್ರಶ್ನೆಗಳನ್ನು ನೇರ ಇವರಿಗೇ ಕೇಳಿ. ಈ ಇಮೇಲ್ ನಿಮ್ಮಿಂದಲೇ ಹೋಗಬೇಕು. ಅವರೇ ಬರೆದುಕೊಂಡರೆ ಬೇರೆ ವಿಭಾಗದವರು 'ಸಾಹೇಬರನ್ನೇ ಕೇಳೋಣ' ಎಂದು ಮತ್ತೆ ನಿಮ್ಮ ಹತ್ತಿರ ಬರುತ್ತಾರೆ.

'ಬಹಳ ಮಂದಿ ಸೇರಿದರೆ ಹಾವು ಸಾಯದು' ಅನ್ನುತ್ತಾರಲ್ಲ, ಕೈ ಬದಲಾಗುವ ಹೊತ್ತು ಅಂಥದ್ದು. 1972ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಏರ್‌ಲೈನ್ಸಿನ 401ನೇ ವಿಮಾನದ ಕಾಕ್‌ಪಿಟ್ಟಿನಲ್ಲಿದ್ದವರೆಲ್ಲ ಚಕ್ರದ ಸೂಚಕ ದೀಪವೊಂದು ಹತ್ತದಿರುವುದನ್ನು ನೋಡುತ್ತಿದ್ದಾಗ ವಿಮಾನ ಎತ್ತರ ಕಳೆದುಕೊಂಡು ಫ್ಲಾರಿಡಾದ ಜೌಗುನೆಲಕ್ಕೆ ಬಿತ್ತು. ಆ ನಿಮಿಷಗಳಲ್ಲಿ ವಿಮಾನ ಹಾರಿಸುವುದು ಯಾರೊಬ್ಬರ ಕೆಲಸವೂ ಆಗಿರಲಿಲ್ಲ. ಇಬ್ಬರು ಪೈಲಟ್‌ಗಳು ನಿಯಂತ್ರಣ ಬದಲಿಸಿಕೊಳ್ಳುವಾಗ ಒಬ್ಬರು 'ನಿಮ್ಮ ಕೈಗೆ' ಅನ್ನುವುದು, ಇನ್ನೊಬ್ಬರು 'ನನ್ನ ಕೈಗೆ ಬಂತು' ಅನ್ನುವುದು, ಮೊದಲಿನವರು ಮತ್ತೊಮ್ಮೆ 'ನಿಮ್ಮ ಕೈಗೆ' ಎಂದು ಮುಗಿಸುವುದು ವಿಮಾನ ತರಬೇತಿಯಲ್ಲಿ ಕಲಿಸುವ ಪದ್ಧತಿ. ನಿಮ್ಮ ಇಮೇಲ್, ಅದಕ್ಕೆ ಅವರ ಒಂದು ಸಾಲಿನ ಉತ್ತರ ಅದೇ ಕೆಲಸ ಮಾಡುತ್ತದೆ.

ಕೊಟ್ಟ ಮೇಲೆ ಯಾವಾಗ ನೋಡಬೇಕು

ಮೊದಲ ಸಲ ನೋಡುವುದು ಕೆಲಸ ಶೇ 10ರಷ್ಟು ಆದಾಗ. ನಾಲ್ಕು ವಾರದ ಪ್ರಾಜೆಕ್ಟಾದರೆ ಎರಡನೇ ಅಥವಾ ಮೂರನೇ ದಿನ. ಆಗ ಕೆಲಸ ಚೆನ್ನಾಗಿದೆಯೇ ಎಂದು ನೋಡಬೇಡಿ, ಹಿಡಿದ ದಿಕ್ಕು ಸರಿಯೇ ಎಂದು ಮಾತ್ರ ನೋಡಿ. ಐದು ಸಾವಿರ ದಾಖಲೆಗಳಲ್ಲಿ ಐವತ್ತನ್ನು ಶುದ್ಧಿ ಮಾಡಿದ ಮಾದರಿ ಸಾಕು. ಆ ಐವತ್ತರಲ್ಲಿ ಕಂಡ ತಪ್ಪನ್ನು ತಿದ್ದಲು ಹತ್ತು ನಿಮಿಷ. ಅದೇ ತಪ್ಪು ಐದು ಸಾವಿರದಲ್ಲಿ ಕಂಡರೆ ಒಂದು ವಾರ. ಆಮೇಲೆ ಅರ್ಧ ಆದಾಗ ಒಮ್ಮೆ, ಶೇ 90 ಆದಾಗ ಒಮ್ಮೆ. ದಿನಾಂಕಗಳನ್ನು ಮೊದಲೇ ಕ್ಯಾಲೆಂಡರಿಗೆ ಹಾಕಿ. ನಡುನಡುವೆ 'ಎಲ್ಲಿಗೆ ಬಂತು?' ಎಂದು ಹೋಗಿ ಕೇಳುವ ಚಟ ಬಿಡಿ. ಗೊತ್ತಾದ ದಿನ ಇಲ್ಲದವರೇ ದಿನಾ ಕೇಳುವುದು.

ಅವರು ಪ್ರಶ್ನೆ ಹಿಡಿದು ಬಂದಾಗ ನಿಮ್ಮ ಬಾಯಿಂದ ಬರಬಾರದ ಮಾತು 'ಇಟ್ಟು ಹೋಗಿ, ನೋಡ್ತೀನಿ'. ಅಷ್ಟು ಅಂದರೆ ಸಾಕು, ಕೆಲಸ ನಿಮ್ಮ ಮೇಜಿಗೆ ವಾಪಸ್. ಅದರ ಬದಲು 'ನಿಮಗೆ ಯಾವ ದಾರಿ ಸರಿ ಅನ್ನಿಸುತ್ತೆ, ಯಾಕೆ?' ಎಂದು ಕೇಳಿ. ಎರಡು ದಾರಿ ಹೇಳಿ ಒಂದನ್ನು ಆರಿಸಿದರೆ, ಅದು ದೊಡ್ಡ ಅಪಾಯ ಅಲ್ಲದಿದ್ದರೆ, ನಿಮಗೆ ಇನ್ನೊಂದು ದಾರಿ ಹಿಡಿಸಿದ್ದರೂ ಹೂಂ ಅನ್ನಿ. ಇದು ಬಾಯಲ್ಲಿ ಹೇಳಿದಷ್ಟು ಸುಲಭವಲ್ಲ.

ಅವರು ಬರೆದದ್ದನ್ನು ನೀವೇ ತಿದ್ದಿ ಬರೆಯುವುದು ಇನ್ನೊಂದು ಬಲೆ. ಎರಡು ಸಲ ಹಾಗೆ ಮಾಡಿದರೆ ಮೂರನೇ ಸಲ ಅವರು ಅರ್ಧ ಮನಸ್ಸಿನಿಂದ ಬರೆದು ಕಳಿಸುತ್ತಾರೆ. ಹೇಗೂ ನೀವು ಬದಲಿಸುತ್ತೀರಲ್ಲ! ಏನು ಸರಿಯಿಲ್ಲ ಎಂದು ಪಕ್ಕದಲ್ಲಿ ಬರೆದು ತಿರುಗಿ ಕೊಡಿ. ಬರೆಯುವಾಗ ಎರಡನ್ನು ಬೇರೆ ಮಾಡಿ: 'ಇದು ತಪ್ಪು, ಬದಲಿಸಬೇಕು' ಒಂದು ಬಗೆ, 'ನಾನಾದರೆ ಹೀಗೆ ಬರೆಯುತ್ತಿದ್ದೆ' ಇನ್ನೊಂದು. ಎರಡನೆಯದನ್ನು ಅವರು ಬಿಟ್ಟರೂ ಸುಮ್ಮನಿರಿ.

ಕೆಡುವ ಜಾಗಗಳು

ಇಬ್ಬರು ಯಜಮಾನರಾಗುವುದು ಎಲ್ಲಕ್ಕಿಂತ ಹೆಚ್ಚು. ನಿಮ್ಮ ಕೆಲಸ ಮಾಡುತ್ತಿರುವವರಿಗೆ ಅವರ ಮ್ಯಾನೇಜರ್ ಅದೇ ವಾರ ಇನ್ನೊಂದು ತುರ್ತು ಕೊಡುತ್ತಾರೆ. ಅವರು ನಿಮಗೂ ಹೇಳಲಾರರು, ಅಲ್ಲೂ ಹೇಳಲಾರರು. ಅವರ ಮ್ಯಾನೇಜರ್ ಜೊತೆ ಮಾತಾಡಿ ಇದನ್ನು ಬಗೆಹರಿಸುವುದು ನಿಮ್ಮ ಕೆಲಸ, ಅವರದಲ್ಲ.

ಕೀರ್ತಿಯ ಪ್ರಶ್ನೆಯೂ ಬರುತ್ತದೆ. ಕೊನೆಯ ಮೀಟಿಂಗಿನಲ್ಲಿ ಕೆಲಸವನ್ನು ತೋರಿಸಬೇಕಾದವರು ಮಾಡಿದವರು. ನೀವೇ ನಿಂತು 'ನಮ್ಮ ಟೀಮ್ ಮಾಡಿತು' ಅಂದರೆ ಮುಂದಿನ ಸಲ ನಿಮ್ಮ ಒಗ್ಗದ ಕೆಲಸಕ್ಕೆ ಯಾರೂ ಸಿಗುವುದಿಲ್ಲ. ತಪ್ಪಾದರೆ ಮಾತ್ರ ಮುಂದೆ ನಿಲ್ಲಬೇಕಾದವರು ನೀವು, ಏಕೆಂದರೆ ಅವರನ್ನು ಆರಿಸಿದವರು ನೀವೇ. ಅನ್ಯಾಯ ಅನ್ನಿಸಿದರೂ ಹೀಗೇ ಇರಬೇಕು.

ವಾಪಸ್ ತೆಗೆದುಕೊಳ್ಳಬೇಕಾದ ಹೊತ್ತೂ ಬರಬಹುದು. ಗೊತ್ತುಮಾಡಿದ ಎರಡು ದಿನಾಂಕಗಳು ಮೊದಲೇ ತಿಳಿಸದೆ ತಪ್ಪಿದರೆ, ಅಥವಾ ಮೂರನೇ ಬುಟ್ಟಿಯ ತೀರ್ಮಾನವನ್ನು ಕೇಳದೆ ಮಾಡಿಬಿಟ್ಟರೆ ಕೂತು ಮಾತಾಡಿ. ಆಗಲೂ ಇಡೀ ಪ್ರಾಜೆಕ್ಟನ್ನು ಕಿತ್ತುಕೊಳ್ಳುವ ಮೊದಲು ಬುಟ್ಟಿಗಳನ್ನು ಬದಲಿಸಿ ನೋಡಿ, ಇಲ್ಲವೇ ಕೆಲಸವನ್ನು ಚಿಕ್ಕದು ಮಾಡಿ. ಕೊನೆಗೆ ತೆಗೆದುಕೊಳ್ಳಲೇಬೇಕಾದರೆ ಒಪ್ಪಿಸಿದಷ್ಟೇ ಬಹಿರಂಗವಾಗಿ ತೆಗೆದುಕೊಳ್ಳಿ. ಸದ್ದಿಲ್ಲದೆ ನೀವೇ ಮಾಡತೊಡಗಿದರೆ ಆ ಕೆಲಸ ಇಬ್ಬರಿಂದಲೂ ಆಗುವುದಿಲ್ಲ.

ಕೈಕೆಳಗೆ ಯಾರೂ ಇಲ್ಲದಿದ್ದರೆ

ಆಗ ಉಳಿಯುವುದು ಅದಲುಬದಲು. ಟೀಮಿನಲ್ಲಿ ನಿಮ್ಮ ಸಮಾನರ ಜೊತೆ ಕೂತು ಇಬ್ಬರೂ ತಂತಮ್ಮ ಪಟ್ಟಿಯಿಂದ ಹಿಂಡುವ ಮೂರು ಮೂರು ಸಾಲು ಗುರುತು ಮಾಡಿ. ನಿಮ್ಮದರಲ್ಲಿ ಒಂದು ಅವರಿಗೆ ಹಗುರ ಅನ್ನಿಸಿ, ಅವರದರಲ್ಲಿ ಒಂದು ನಿಮಗೆ ಹಗುರ ಅನ್ನಿಸಿದರೆ ಸಾಕು. ಗಂಟೆ ಸಮ ಮಾಡಿಕೊಳ್ಳಿ, ಒಂದು ತಿಂಗಳ ಮಟ್ಟಿಗೆ ಎಂದು ಮಾಡಿ ನೋಡಿ, ಆಮೇಲೆ ಮ್ಯಾನೇಜರ್‌ಗೆ ಆದದ್ದನ್ನು ತೋರಿಸಿ ಖಾಯಂ ಮಾಡಿಸಿ. ಅದಲುಬದಲಿಗೂ ಒಂದು ಪುಟದ ಟಿಪ್ಪಣಿ ಬೇಕು. ಸ್ನೇಹ ಇದೆ ಎಂದು ಅದನ್ನು ಬಿಟ್ಟರೆ ಸ್ನೇಹಕ್ಕೇ ಕುತ್ತು.

ಕೊನೆಯ ಒಂದು ಕೆಲಸ ಎಲ್ಲರೂ ಮರೆಯುವಂಥದ್ದು. ಒಪ್ಪಿಸಿ ಎರಡು ವಾರ ಆದ ಮೇಲೆ ಆ ಪ್ರಾಜೆಕ್ಟಿನ ಇಮೇಲ್ ಗುಂಪಿನಿಂದ ನಿಮ್ಮ ಹೆಸರು ತೆಗೆಸಿ, ವಾರದ ಮೀಟಿಂಗಿನ ಆಹ್ವಾನವನ್ನು ಅವರ ಹೆಸರಿಗೆ ವರ್ಗಾಯಿಸಿ, ಸಾಫ್ಟ್‌ವೇರಿನ ಅಪ್ರೂವಲ್ ಸಾಲಿನಲ್ಲಿ ನಿಮ್ಮ ಹೆಸರಿದ್ದರೆ ಬದಲಿಸಲು ಕೇಳಿ. ಇದನ್ನು ಬಿಟ್ಟರೆ ತಿಂಗಳುಗಳ ನಂತರವೂ ಯಾವುದೋ ಒಂದು ಫೈಲು 'ನಿಮ್ಮ ಒಪ್ಪಿಗೆಗಾಗಿ ಕಾಯುತ್ತಿದೆ' ಎಂದು ನಿಂತಿರುತ್ತದೆ. ನಿಂತಿದೆ ಎಂದು ನಿಮಗೂ ಗೊತ್ತಿರುವುದಿಲ್ಲ, ಅವರಿಗೂ ಗೊತ್ತಿರುವುದಿಲ್ಲ.